ದೊಡ್ಡದಾದ ಮೀನು

ಶಿವಮೊಗ್ಗದ ಅಕ್ವೇರಿಯಂ ಅಂಗಡಿಯಲ್ಲಿ ನನ್ನ ಮಗಳು ಬೆರಳುದ್ದದ ಆಸ್ಕರ್ ಮೀನೊಂದನ್ನು ಆರಿಸುತ್ತಿದ್ದಾಗ, ಭದ್ರಾವತಿಯ ಹೆಂಗಸೊಬ್ಬರು ಬಕೆಟ್ ಹಿಡಿದು ಒಳಗೆ ಬಂದರು. ಅದರಲ್ಲಿ ಅದೇ ಜಾತಿಯ, ಗೇಣಿಗಿಂತ ದೊಡ್ಡ ಮೀನಿತ್ತು.

“ನಮ್ಮನೆಯವ್ರು ತಂದಾಗ ಇದೂ ಇಷ್ಟೇ ಇತ್ತು ಪುಟ್ಟಿ,” ಎಂದರು ಮಗಳಿಗೆ. “ಈಗ ನಮ್ಮ ತೊಟ್ಟೀಲಿ ತಿರುಗೋಕೂ ಜಾಗ ಇಲ್ಲ. ಅವ್ರು ತೀರ್ಕೊಂಡ್ಮೇಲೆ, ನಾನು ಮನೆಗೆ ಬಂದ್ರೆ ಎದುರು ಬರೋದು ಇದೊಂದೇ.”

ಅಂಗಡಿಯವರು ಮೀನನ್ನು ತಮ್ಮ ದೊಡ್ಡ ತೊಟ್ಟಿಗೆ ಬಿಟ್ಟರು. ಅಷ್ಟು ಜಾಗವಿದ್ದರೂ ಅದು ಆಕೆಯ ಮುಖದೆದುರಿನ ಗಾಜಿಗೇ ಬಂದು ನಿಂತಿತು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ತಿರುಗಿ ನೋಡದೆ ಹೊರಟುಹೋದರು. ಮಗಳು ಮೀನು ಬೇಡವೆಂದಳು.

ಭದ್ರಾವತಿಯ ಬಸ್ಸಿನಲ್ಲಿ ಆಕೆ ಒಬ್ಬರೇ ಕೂತು ಹೋದದ್ದನ್ನು ನಾನು ನೋಡಿಲ್ಲ. ಆದರೂ ಆ ಚಿತ್ರ ನನ್ನ ಕಣ್ಣಿಂದ ಇನ್ನೂ ಮರೆಯಾಗಿಲ್ಲ.