ಲೀಲಾಕ್ಷಿ ಖಾಲಿ ಬಿಟ್ಟ ಡೈರೆಕ್ಟರಿ

ಮರಾಠಿ ನಾಡಿನ ದೇಹೂ ರೋಡ್‌ನಲ್ಲಿ ಗಂಡ ಮಹಾಲಿಂಗನ ಹೋಟೆಲಿನ ಗಲ್ಲಾದಲ್ಲಿ ಇಪ್ಪತ್ತಾರು ವರ್ಷ ಕೂತ ಲೀಲಾಕ್ಷಿಗೆ ಐವತ್ತೆಂಟನೆಯ ವಯಸ್ಸಿನಲ್ಲಿ ವೆಬ್‌ಸೈಟ್ ಕಟ್ಟುವ ಹುಕಿ ಹತ್ತಿತು. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಅವಳಿಗೆ ಎರಡು ತಾಸು ಬಿಡುವು. ಮೊದಲೆಲ್ಲ ತೂಕಡಿಸುತ್ತಿದ್ದವಳು ಈಗ ಹಳೆಯ ಲ್ಯಾಪ್‌ಟಾಪ್ ತೆರೆದು ಕೂರುತ್ತಿದ್ದಳು. ಕಲಿಸುವವಳು ರಂಜಿನಿ, ಹಿಂಜವಾಡಿಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ, ಶನಿವಾರ ತಪ್ಪದೆ ನೀರುದೋಸೆಗೆ ಬರುವ ಮಂಡ್ಯದ ಹುಡುಗಿ.

"ಆಂಟಿ, ಮೇಲ್ಗಡೆ ಮೆನು ಇರ್ಬೇಕು. ಐದಾರು ಐಟಂ ಸಾಕು," ಎಂದಳು ರಂಜಿನಿ.

ಪಕ್ಕದಲ್ಲಿದ್ದ ಮಹಾಲಿಂಗನಿಗೆ ಇದು ಅವಮಾನ ಅನಿಸಿತು. "ಐದಾರಾ? ನಮ್ಮಲ್ಲಿ ಎಪ್ಪತ್ತೆರಡು ಉಂಟು."

"ಅದು ತಿಂಡಿ ಮೆನು ಅಂಕಲ್. ಇದು ಸೈಟ್ ಒಳಗೆ ದಾರಿ ತೋರ್ಸೋ ಮೆನು."

"ದಾರಿ ಎಂತಕ್ಕೆ? ಹೋಟೆಲಿಗೆ ಬಾಗಿಲು ಒಂದೇ ಅಲ್ವಾ?"

ಅವನ ಹಟಕ್ಕೆ ಎಪ್ಪತ್ತೆರಡೂ ಮೇಲೇರಿದವು. ದಿನಾ ಬರುವ ನಿವೃತ್ತ ಸುಬೇದಾರರು ಹೋಟೆಲಿನ ಫೋನ್ ನಂಬರ್ ಹುಡುಕಲು ಮೊಬೈಲಿನಲ್ಲಿ ಬೆರಳು ಎಳೆದರು, ಎಳೆದರು. ಕಾಫಿ ಆರಿತು, ಅವರು ಇನ್ನೂ ಸೆಟ್ ದೋಸೆಯಲ್ಲೇ ಇದ್ದರು. ಕೊನೆಗೆ ಲೀಲಾಕ್ಷಿ ಅಡುಗೆಮನೆಯ ಕಪಾಟು ಜೋಡಿಸುವಂತೆ ಎಲ್ಲವನ್ನೂ ವಿಂಗಡಿಸಿ ನಾಲ್ಕು ಶೀರ್ಷಿಕೆ ಮಾಡಿದಳು: ತಿಂಡಿ, ಊಟ, ನಮ್ಮ ಬಗ್ಗೆ, ವಿಳಾಸ. ಐದನೆಯದನ್ನು ಯಾರಿಗೂ ಹೇಳಲಿಲ್ಲ. ಅದು ಬ್ಲಾಗ್. ಅವಳಿಗೆ ಬರೆಯಬೇಕಾದ್ದು ಬಹಳ ಇತ್ತು.

ಒಂದು ಗುಂಡಿ ಒತ್ತಿದರೆ ಬ್ಲಾಗ್ ತಾನೇ ಸ್ಥಾಪನೆಯಾಗುತ್ತಿತ್ತು. ಯಾವ ಡೈರೆಕ್ಟರಿಯಲ್ಲಿ, ಅಂದರೆ ಯಾವ ಫೋಲ್ಡರಿನಲ್ಲಿ, ಇಡಬೇಕು ಎಂದು ಕೇಳಿದ ಚೌಕವನ್ನು ಲೀಲಾಕ್ಷಿ ಖಾಲಿ ಬಿಟ್ಟಳು. ಅಲ್ಲಿ ಆಗಲೇ ಕಡತಗಳಿವೆ, ಅವುಗಳ ಮೇಲೆ ಬರೆಯಲೇ ಎಂದು ಲ್ಯಾಪ್‌ಟಾಪ್ ಎರಡು ಸಲ ಕೇಳಿತು. ಇಷ್ಟು ವಿನಯವಾಗಿ ಕೇಳುವಾಗ ಬೇಡ ಎನ್ನುವುದು ಹೇಗೆ ಎಂದು ಎರಡು ಸಲವೂ ಹೌದು ಒತ್ತಿದಳು. ಆಮೇಲೆ, ಗಿರಾಕಿಗಳಿಗೂ ತಿಳಿಯಲಿ ಎಂದು ಮರಾಠಿಯಲ್ಲೇ ಮೊದಲ ಲೇಖನ ಬರೆದಳು: 'ನನ್ನ ಗಂಡ ಸಾಂಬಾರಿಗೆ ಬೆಲ್ಲ ಯಾಕೆ ಸುರಿಯುತ್ತಾನೆ'.

ಮರುದಿನ ಬೆಳಿಗ್ಗೆ ಸುಬೇದಾರರು ಮಹಾಲಿಂಗನನ್ನು ಕರೆದು, ಇವತ್ತು ಬೆಲ್ಲ ಎಷ್ಟು ಹಾಕಿದ್ದೀರಿ ಶೇಠ್ ಎಂದು ಮರಾಠಿಯಲ್ಲಿ ಕೇಳಿ ನಕ್ಕರು. ಅವರ ಮೊಬೈಲ್ ಹಿಡಿದು ಅವನು ಗಲ್ಲಾಕ್ಕೆ ಬಂದ.

"ಲೀಲಾ, ಹೋಟೆಲ್ ಎಲ್ಲಿ ಹೋಯ್ತು? ಇದರಲ್ಲಿ ಬರೀ ನಾನೇ ಇದ್ದೇನಲ್ಲ?"

ಲೀಲಾಕ್ಷಿ ಮೊಬೈಲ್ ಕಿತ್ತುಕೊಂಡು ನೋಡಿದಳು. ರಂಜಿನಿಗೆ ಫೋನ್ ಮಾಡಿದಳು.

"ಆಂಟಿ, ಆ ಚೌಕ ಖಾಲಿ ಬಿಟ್ಟು ಹೋಟೆಲ್ ಸೈಟ್ ಮೇಲೇ ಬ್ಲಾಗ್ ಕಟ್ಬಿಟ್ಟಿದ್ದೀರ," ಎಂದಳು ರಂಜಿನಿ. "ಟೆನ್ಷನ್ ಬೇಡ, ಬ್ಯಾಕಪ್ ಇದೆ, ಹಾಕಿದ್ರೆ ಹಳೇದು ವಾಪಸ್ ಬರುತ್ತೆ, ಈಗಿರೋದು ಹೋಗುತ್ತೆ. ಬ್ಲಾಗಿಗೆ ಬೇರೆ ಫೋಲ್ಡರ್ ಮಾಡಿ."

ಮಧ್ಯಾಹ್ನ ಲೀಲಾಕ್ಷಿ ಮೊದಲು ತನ್ನ ಲೇಖನವನ್ನು ನೋಟ್‌ಬುಕ್ಕಿಗೆ ಕೈಬರಹದಲ್ಲಿ ಇಳಿಸಿಕೊಂಡಳು. ಹೋಟೆಲನ್ನು ಉಳಿಸುವ ಕೆಲಸ ಆಮೇಲೆ.

"ಅದನ್ನು ಅಳಿಸ್ತಿಯಲ್ಲ?" ಎಂದು ಮಹಾಲಿಂಗ ಕೇಳಿದ.

"ಅಳಿಸ್ಲಿಕ್ಕಿಲ್ಲ. ಬೇರೆ ಕೋಣೆಯಲ್ಲಿ ಇಡ್ತೇನೆ."

ಅವನು ಕನ್ನಡಕ ಹಾಕಿಕೊಂಡು ಲೇಖನವನ್ನು ಪೂರ್ತಿ ಓದಿದ. ನಡುವೆ ಒಂದು ಕಡೆ ನಗು ಬಂದದ್ದನ್ನು ಕೆಮ್ಮಿ ಮುಚ್ಚಿದ. "ಎರಡು ಮುಷ್ಟಿ ಅಂತ ಬರೆದದ್ದು ಸುಳ್ಳು. ಒಂದೂವರೆ. ನನಗೂ ಉತ್ತರ ಬರೀಲಿಕ್ಕೆ ಉಂಟು."

ಮೆನುವಿನಲ್ಲಿ ತನ್ನ ಉತ್ತರಕ್ಕೆ ಆರನೆಯ ಶೀರ್ಷಿಕೆ ಬೇಕೆಂದು ಮೂರು ದಿನ ಜಗಳವಾಡಿದ. ಲೀಲಾಕ್ಷಿ ಬಗ್ಗಲಿಲ್ಲ, ಬ್ಲಾಗಿನ ಕೆಳಗೆ ಒಂದು ಉಪಶೀರ್ಷಿಕೆ ಕೊಟ್ಟಳು. ಈಗ ಬಿಡುವಿನ ಹೊತ್ತಿನಲ್ಲಿ ಅವನು ಸ್ಟೂಲಿನ ಮೇಲೆ ಕೂತು ಹೇಳುತ್ತಾನೆ, ಅವಳು ಟೈಪ್ ಮಾಡುತ್ತಾಳೆ. ತಾನು ಹೇಳಿದ್ದನ್ನೇ ಅವಳು ಹಾಕುತ್ತಾಳೋ ಇಲ್ಲವೋ ಎಂಬ ಅನುಮಾನ ಮಾತ್ರ ಅವನಿಗೆ ಇನ್ನೂ ಹೋಗಿಲ್ಲ.