ಅಳಿಸಿದ್ದೇ ಉಳಿದ ಆತ್ಮಕಥೆ

ಎರಡು ಸಾವಿರದ ಹನ್ನೊಂದರ ಬೇಸಿಗೆ ರಜೆಯಲ್ಲಿ ಹುಬ್ಬಳ್ಳಿಯಿಂದ ಬೊಂಬಾಯಿ ಹತ್ತಿರದ ಡೊಂಬಿವಲಿಯ ಅಕ್ಕನ ಮನೆಗೆ ಹೋಗಿದ್ದೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ತಮ್ಮನಿಗೆ ಟೈಪಿಂಗೂ ಬರುತ್ತದೆಂದು ಅಕ್ಕ ಅಲ್ಲಿ ಎಲ್ಲರಿಗೂ ಹೇಳಿಟ್ಟಿದ್ದಳು. ಅದು ಖಾರಘರದವರೆಗೂ ಮುಟ್ಟಿ, ಉಡುಪಿ ಕಡೆಯ ಒಬ್ಬ ನಿವೃತ್ತ ಹೋಟೆಲ್ ಮಾಲೀಕರು ತಮ್ಮ ಆತ್ಮಕಥೆ ಬರೆದುಕೊಡಿ ಎಂದು ನನ್ನನ್ನು ಹಿಡಿದರು. ಎಪ್ಪತ್ತೈದನೆಯ ಹುಟ್ಟುಹಬ್ಬದ ದಿನ ನೆಂಟರಿಷ್ಟರಿಗೆಲ್ಲ ಪುಸ್ತಕ ಹಂಚಬೇಕೆಂದು ಅವರ ಆಸೆ.

ದಿನಾ ಬೆಳಿಗ್ಗೆ ಠಾಣೆ ಸ್ಟೇಷನ್ನಿನಲ್ಲಿ ರೈಲುಗಾಡಿ ಬದಲಿಸಿ ಖಾರಘರಕ್ಕೆ ಹೋಗುತ್ತಿದ್ದೆ. ಅವರು ಸೋಫಾದಲ್ಲಿ ಕೂತು ಹೇಳುವುದು, ನಾನು ಲ್ಯಾಪ್‌ಟಾಪ್ ಬಿಚ್ಚಿ ಟೈಪ್ ಮಾಡುವುದು. ತೊಂದರೆಯೆಂದರೆ ಅಡುಗೆಮನೆ ಸೋಫಾಕ್ಕೆ ತೀರಾ ಹತ್ತಿರವಿತ್ತು.

“ಹದಿನಾರನೇ ವಯಸ್ಸಿಗೆ ನಾನು ಒಬ್ಬನೇ ಧೈರ್ಯ ಮಾಡಿ ಬೊಂಬಾಯಿಗೆ ಬಂದೆ. ಬರ್ಕೊಳ್ಳಿ ಮಾಷ್ಟ್ರೆ,” ಎಂದು ಅವರು ಶುರುಮಾಡುತ್ತಿದ್ದರು.

“ಒಬ್ಬರೇ ಎಲ್ಲಿ? ನನ್ನ ಅಣ್ಣ ಕರ್ಕೊಂಡು ಬಂದದ್ದಲ್ವಾ? ಬಸ್ಸಿನಲ್ಲಿ ದಾರಿ ಇಡೀ ಅತ್ತಿದ್ರಂತೆ,” ಎಂದು ಒಳಗಿನಿಂದ ಅವರ ಹೆಂಡತಿ.

“ನೀನು ಸ್ವಲ್ಪ ಸುಮ್ಮನಿರು ಮಾರಾಯ್ತಿ.”

ಯಾರ ಮಾತು, ಯಾಕೆ ಎಂದು ವಿಚಾರಿಸಲು ನನ್ನ ಬೆರಳುಗಳಿಗೆ ಪುರುಸೊತ್ತಿರಲಿಲ್ಲ. ಎಲ್ಲವನ್ನೂ ಬಡಿದು ಹಾಕುತ್ತಿದ್ದವು. ಸಂಜೆ ಅಕ್ಕನ ಮನೆಯಲ್ಲಿ ಕೂತು ಆಕೆಯ ಮಾತುಗಳನ್ನು ಕಿತ್ತು, ಯಜಮಾನರ ಮಾತಿಗೆ ಒಂದಿಷ್ಟು ಉಪಮೆ, ಒಂದೆರಡು ಸೂರ್ಯೋದಯ ಸೇರಿಸಿ ದೊಡ್ಡದೊಂದು ಫೈಲಿಗೆ ಏರಿಸುತ್ತಿದ್ದೆ. ಅಂದಂದಿನ ಒರಟು ಟೈಪಿಂಗನ್ನು ಅಳಿಸಿಬಿಡುತ್ತಿದ್ದೆ. ಇಡ್ಲಿಯ ಹಬೆಯ ಮೇಲೆಯೇ ಒಂದೂವರೆ ಪುಟ ಬರೆದಿದ್ದೆ. ಆ ದೊಡ್ಡ ಫೈಲಿನ ಬಗ್ಗೆ ನನಗೆ ಗುಟ್ಟಾದ ಹೆಮ್ಮೆಯಿತ್ತು.

“ಚೀಲಾ ಬೆನ್ನಿಗೆ ಹಾಕ್ಕೋಬ್ಯಾಡೋ ತಮ್ಮಾ, ಎದಿ ಮ್ಯಾಲೆ ಹಾಕ್ಕೋ. ಗಾಡ್ಯಾಗ ಕಳ್ಳರು ಭಾಳ,” ಎಂದು ಅಕ್ಕ ಎಚ್ಚರಿಸಿದ್ದಳು. ಆತ್ಮಕಥೆ ಮುಗಿದ ದಿನ ಸಂಜೆ, ಹಾಗೆಯೇ ಎದೆಗವಚಿಕೊಂಡು ಠಾಣೆಯಲ್ಲಿ ಸ್ಲೋ ಲೋಕಲ್ ಹತ್ತಿದೆ. ಬಾಗಿಲ ನಡುವಿನ ಉಕ್ಕಿನ ಕಂಬಕ್ಕೂ ನನ್ನ ಎದೆಗೂ ಮಧ್ಯೆ ಚೀಲ ಸಿಕ್ಕಿಕೊಂಡಿತು. ದಿವಾ ಸ್ಟೇಷನ್ನಿನಲ್ಲಿ ಇಳಿಯುವವರೂ ಹತ್ತುವವರೂ ಒಂದೇ ಕ್ಷಣದಲ್ಲಿ ಒತ್ತಿದರು. ಚೀಲದೊಳಗೆ ಹಪ್ಪಳ ಮುರಿದಂಥ ಸದ್ದಾಯಿತು. ಕಳ್ಳರು ಯಾರೂ ಮುಟ್ಟಲಿಲ್ಲ. ಮನೆಯಲ್ಲಿ ತೆಗೆದು ನೋಡಿದರೆ ಲ್ಯಾಪ್‌ಟಾಪ್ ನಡುವೆ ಬಾಗಿತ್ತು. ಮುಂಜಾಗ್ರತೆಗೆಂದು ಪೆನ್ ಡ್ರೈವಿನಲ್ಲೂ ಒಂದು ಪ್ರತಿ ಇಟ್ಟಿದ್ದೆ. ಅದನ್ನು ಲ್ಯಾಪ್‌ಟಾಪಿಗೇ ಚುಚ್ಚಿ ಮರೆತಿದ್ದರಿಂದ ಅದೂ ಎರಡು ತುಂಡು.

ಠಾಣೆಯ ಪ್ರೆಸ್ಸಿಗೆ ನಾಲ್ಕು ದಿನದಲ್ಲಿ ಫೈಲು ಕೊಡಬೇಕಿತ್ತು. ಕೆಟ್ಟ ಕಂಪ್ಯೂಟರಿನಿಂದಲೂ ಫೈಲು ತೆಗೆದುಕೊಡುತ್ತಾರೆಂದು ಯಾರೋ ಹೇಳಿದ್ದರಿಂದ ಕಲ್ಯಾಣ ಸ್ಟೇಷನ್ನಿನ ಹತ್ತಿರದ ಒಂದು ಅಂಗಡಿಗೆ ಹೋದೆ. ಬೋರ್ಡಿನಲ್ಲಿ ಇನ್ನೂ ಗಡಿಯಾರ ದುರಸ್ತಿ ಎಂದೇ ಮರಾಠಿಯಲ್ಲಿ ಬರೆದಿತ್ತು. ನಡುವಯಸ್ಸಿನ ಮಾಲೀಕರು ಗಡಿಯಾರದ ಭೂತಗನ್ನಡಿಯನ್ನು ಒಂದು ಕಣ್ಣಿಗೆ ಸಿಕ್ಕಿಸಿಕೊಂಡು ಲ್ಯಾಪ್‌ಟಾಪಿನ ಡಿಸ್ಕನ್ನು ನೋಡಿ, ಎರಡು ದಿನ ಬಿಟ್ಟು ಬರಲು ಹೇಳಿದರು. ಹೇಳಿದ ದಿನ ಮತ್ತೆ ಹೋದೆ.

“ಸಾಬ್, ಬಡಾ ಫೈಲ್ ಗಯಾ. ಡಿಲೀಟ್ ಕಿಯಾ ಹುವಾ ಮಾಲ್ ಮಿಲಾ, ಲೇಕಿನ್ ಸಬ್ ಕಚರಾ ಹೈ,” ಎಂದರು. ದೊಡ್ಡ ಫೈಲು ಹೋಗಿದೆ, ಅಳಿಸಿದ್ದು ಸಿಕ್ಕಿದೆ, ಆದರೆ ಎಲ್ಲ ಬರೀ ಕಸ ಎಂದು ತೋರಿಸಲು ಪರದೆಯನ್ನು ನನ್ನ ಕಡೆ ತಿರುಗಿಸಿದರು.

ಪರದೆಯ ತುಂಬ ರೋಮನ್ ಅಕ್ಷರಗಳು, ಚುಕ್ಕೆಗಳು, ಸೊಟ್ಟ ಗೆರೆಗಳು. ಕನ್ನಡ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ನಮ್ಮ ಶಾಲೆಯ ಪ್ರಶ್ನೆಪತ್ರಿಕೆಗಳೂ ಹೀಗೇ ಕಾಣುತ್ತಿದ್ದವು.

“ಯೇ ಕಚರಾ ನಹೀಂ, ಕನ್ನಡಾ ಹೈ!” ಎಂದು ಕೂಗಿಬಿಟ್ಟೆ. ಅವರು ಕಣ್ಣಿನ ಗಾಜು ತೆಗೆದು ನನ್ನನ್ನೇ ಪರೀಕ್ಷಿಸಿದರು.

ಫಾಂಟ್ ಹುಡುಕಿ ಹಾಕಿದ ಮೇಲೆ ಅಕ್ಷರಗಳು ಕಣ್ಣುಬಿಟ್ಟವು. ಹೋದದ್ದು ನಾನು ಜೋಪಾನ ಮಾಡಿದ್ದು, ಸಿಕ್ಕಿದ್ದು ನಾನು ಅಳಿಸಿದ್ದು. ಇಡ್ಲಿಯ ಹಬೆ ಆರಿಹೋಗಿತ್ತು. ಯಜಮಾನರ ಪ್ರತಿ ಸಾಹಸದ ಹಿಂದೆಯೂ ಹೆಂಡತಿಯ ಒಂದು ಮಾತು ಹಾಗೇ ನಿಂತಿತ್ತು.

ಪ್ರಿಂಟ್ ತೆಗೆಸಿಕೊಂಡು ಮರುದಿನ ಖಾರಘರಕ್ಕೆ ಹೋಗಿ ತಪ್ಪೊಪ್ಪಿಕೊಂಡೆ. ಯಜಮಾನರು ಕೂತಲ್ಲೇ ಹತ್ತು ಪುಟ ಓದಿದರು. ಹಿಂದೆ ನಿಂತು ಓದುತ್ತಿದ್ದ ಹೆಂಡತಿಯೇ ಗಾಬರಿಯಾದರು.

“ಅಯ್ಯೋ ದೇವ್ರೆ, ನಾನು ಹೇಳಿದ್ದನ್ನೂ ಟೈಪ್ ಮಾಡಿದ್ರಾ ಮಾಷ್ಟ್ರೆ?”

“ಇವಳದ್ದನ್ನೆಲ್ಲ ತೆಗೀರಿ,” ಎಂದರು ಯಜಮಾನರು. ಆಮೇಲೆ ಕಾಗದದ ಕಂತೆಯನ್ನು ಕೈಯಲ್ಲಿ ತೂಗಿ ನೋಡಿ, “ತೆಗೆದರೆ ಎಷ್ಟು ಪುಟ ಉಳೀತದೆ?”

“ಹೆಚ್ಚೆಂದರೆ ನಲವತ್ತು.”

“ನಲವತ್ತು ಪುಟ ಅಂದ್ರೆ ಪಂಚಾಂಗದಷ್ಟೂ ಆಗೂದಿಲ್ಲ ಮಾರಾಯ್ರೆ!” ಅವರು ಕಂತೆಯನ್ನು ಇನ್ನೊಮ್ಮೆ ತೂಗಿ ನೋಡಿದರು. “ಇರಲಿ, ಬಿಡಿ. ಪುಸ್ತಕ ದಪ್ಪ ಇರಬೇಕು.”

ಪುಸ್ತಕ ದಪ್ಪವಾಗಿಯೇ ಬಂತು. ಹುಟ್ಟುಹಬ್ಬದ ಸಭೆಯಲ್ಲಿ ಊಟಕ್ಕೆ ಮೊದಲೇ ಜನ ಅಲ್ಲಲ್ಲಿ ಗುಂಪಾಗಿ ಹೆಂಡತಿಯ ಮಾತುಗಳನ್ನು ಗಟ್ಟಿಯಾಗಿ ಓದಿಕೊಂಡು ನಗುತ್ತಿದ್ದರು. ಎಲ್ಲರೂ ಇಷ್ಟು ಮೆಚ್ಚಿದ ಮೇಲೆ ಯಜಮಾನರಿಗೂ ಧೈರ್ಯ ಬಂದು, ಇದೆಲ್ಲ ತಮ್ಮದೇ ಯೋಜನೆ ಎನ್ನುವಂತೆ ವೇದಿಕೆ ಹತ್ತಿದರು. ಕೊನೆಯಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿ, “ನಮ್ಮ ಮಾಷ್ಟ್ರು ಪ್ರಾಮಾಣಿಕರು. ನಾವು ಹೇಳಿದ್ದರಲ್ಲಿ ಒಂದಕ್ಷರವನ್ನೂ ತಿದ್ದದೆ ಬರೆದುಕೊಟ್ಟಿದ್ದಾರೆ,” ಎಂದು ಹೊಗಳಿದರು.

ಜೋರಾಗಿ ಚಪ್ಪಾಳೆ ಬಿತ್ತು. ನಾನು ತಲೆ ತಗ್ಗಿಸಿ ಕೈ ಮುಗಿದೆ. ಅದನ್ನು ವಿನಯವೆಂದೇ ಎಲ್ಲರೂ ತಿಳಿದರು.