ಕಾಲೇಜು ಬಿಡುವ ಹೊತ್ತು

ನಾನು ಹತ್ತನೆಯ ಇಯತ್ತೆ ಪಾಸಾದಾಗ, ಯಾವ ವಿಷಯ ಇಷ್ಟ ಅಂತ ಮನೆಯಲ್ಲಿ ಯಾರೂ ಕೇಳಲಿಲ್ಲ. ನನಗೆ ಗಣಿತ ಇಷ್ಟವಿತ್ತು. ಅವ್ವ ಕೇಳಿದ್ದು ಒಂದೇ: "ಕಾಲೇಜ್ ಎಷ್ಟಕ್ಕ ಬಿಡತೈತಿ?"

ಸೈನ್ಸಿನವರಿಗೆ ಪ್ರಾಕ್ಟಿಕಲ್ ಮುಗಿಯುವಾಗ ಸಂಜೆ ಐದಾಗುತ್ತಿತ್ತು. ಬೆಳಗಿನ ಪಾಳಿಯ ಆರ್ಟ್ಸ್ ಹನ್ನೊಂದಕ್ಕೇ ಬಿಡುತ್ತಿತ್ತು. ಮಹಾರಾಷ್ಟ್ರದ ಇಚಲಕರಂಜಿಯಲ್ಲಿ ಅಪ್ಪ ಪವರ್‌ಲೂಮ್ ನಡೆಸುತ್ತಿದ್ದ. ಆ ಮಗ್ಗಗಳ ಲಾಳಿಗೆ ಹಾಕುವ ಕಾಂಡಿಗೆ ನೂಲು ಸುತ್ತುವವರು ಅವ್ವ ಮತ್ತು ನಾನು. ಹನ್ನೆರಡಕ್ಕೆ ನಾನು ಕಾಂಡಿ ಸುತ್ತುವ ಮಷೀನಿನ ಮುಂದೆ ಕೂತಿರಬೇಕಿತ್ತು. ಹಾಗಾಗಿ ಆರ್ಟ್ಸ್. ನಮ್ಮ ಓಣಿಯ ಹುಡುಗಿಯರೆಲ್ಲ ಆರ್ಟ್ಸೇ. ನಿಮ್ಮ ಓಣಿಯವರಿಗೆ ಸಾಹಿತ್ಯದ ಒಲವು ಬಹಳ ಎಂದು ಕಾಲೇಜಿನ ಸರ್ ಒಬ್ಬರು ಮರಾಠಿಯಲ್ಲಿ ಹೊಗಳಿದರು. ನಾವು ಗಡಿಯಾರ ನೋಡುತ್ತಿದ್ದೆವು.

ಈ ಜೂನಿನಲ್ಲಿ ನನ್ನ ಮಗಳು ಮೊಬೈಲಿನಲ್ಲಿ ಹನ್ನೊಂದನೆಯ ಇಯತ್ತೆಯ ಅಡ್ಮಿಷನ್ ಫಾರ್ಮ್ ತುಂಬುತ್ತಿದ್ದಳು. ನಮ್ಮ ಮನೆಯಲ್ಲಿ ಈಗ ಕಾಂಡಿ ಸುತ್ತುವವರು ಯಾರೂ ಇಲ್ಲ.

"ಅವ್ವಾ, ಸೈನ್ಸ್ ಹಾಕ್ಲೇನ?" ಅಂದಳು.

ನಿನಗೆ ಯಾವುದು ಇಷ್ಟ ಅಂತ ಕೇಳಬೇಕೆಂದೇ ಬಾಯಿ ತೆರೆದೆ.

"ಎಷ್ಟಕ್ಕ ಬಿಡತೈತಿ?" ಅಂದೆ.